ಐಪಿ ವಿಳಾಸ ಯಾರದು, ಎಲ್ಲಿಯದು? ಹುಡುಕುವ ಕ್ರಮ, ಎಡವುವ ಜಾಗಗಳು

"ಶಿರಸಿಯಲ್ಲಿ ಕೂತು ಫೋನಿನಲ್ಲಿ ಮೇಲ್ ತೆರೆದೆ. ಚೆನ್ನೈನಿಂದ ಲಾಗಿನ್ ಆಗಿದೆ ಅಂತ ಎಚ್ಚರಿಕೆ ಬಂತು. ಯಾರಾದರೂ ಖಾತೆಗೆ ಕನ್ನ ಹಾಕಿದ್ದಾರಾ?" ಊರಿನ ಹೆಸರಷ್ಟೇ ಬದಲಿಸಿಕೊಂಡು ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಇದರ ಬೆನ್ನಿಗೇ ಬರುವ ಇನ್ನೊಂದು: "ನನ್ನ ವೆಬ್‌ಸೈಟಿಗೆ ದಿನಾ ಕಾಟ ಕೊಡುತ್ತಿರುವ ಐಪಿ ವಿಳಾಸ ಇದು. ಇವನ ಮನೆ ಎಲ್ಲಿದೆ ನೋಡಿ ಹೇಳಿ." ಮೊದಲನೆಯವರ ಗಾಬರಿ ಹೆಚ್ಚಿನ ಸಲ ಹತ್ತು ನಿಮಿಷದಲ್ಲಿ ಇಳಿಯುತ್ತದೆ. ಎರಡನೆಯವರಿಗೆ ಮನೆಯಂತೂ ಸಿಗುವುದಿಲ್ಲ, ಊರು ಸಿಕ್ಕರೆ ಪುಣ್ಯ.

ಗೊಂದಲವೆಲ್ಲ ಹುಟ್ಟುವುದು ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಎಂದುಕೊಳ್ಳುವುದರಿಂದ. ಈ ವಿಳಾಸ ಯಾರ ನೆಟ್‌ವರ್ಕಿಗೆ ಸೇರಿದ್ದು ಎಂಬುದಕ್ಕೆ ಸಾರ್ವಜನಿಕ ದಾಖಲೆ ಇದೆ, ಉತ್ತರವನ್ನು ಬಹುಮಟ್ಟಿಗೆ ನಂಬಬಹುದು. ಈ ವಿಳಾಸ ಎಲ್ಲಿದೆ ಎಂಬುದಕ್ಕೆ ಅಂಥ ಅಧಿಕೃತ ದಾಖಲೆ ಇಲ್ಲ, ಸಿಗುವುದೆಲ್ಲ ಅಂದಾಜು. ಆದರೆ ಎಲ್ಲರೂ ಮೊದಲು ನಕ್ಷೆ ತೋರಿಸುವ ಸೈಟಿಗೇ ಓಡುತ್ತಾರೆ. ಇಲ್ಲಿ ಹೇಳುವ ಕ್ರಮ ತಿರುವುಮುರುವು: ಮೊದಲು ಯಾರದು, ಆಮೇಲೆ ಎಲ್ಲಿ.

ಬೇಕಾದದ್ದು ಇಷ್ಟು: ಐಪಿ ವಿಳಾಸ, ಅದು ಕಾಣಿಸಿಕೊಂಡ ನಿಖರ ಸಮಯ, ಬ್ರೌಸರ್ ಇರುವ ಕಂಪ್ಯೂಟರ್ ಅಥವಾ ಫೋನು. ದುಡ್ಡು ಕೇಳುವ ಸೈಟುಗಳ ಹತ್ತಿರ ಹೋಗಬೇಕಿಲ್ಲ. ಸಮಯವನ್ನು ಬರೆದಿಟ್ಟುಕೊಳ್ಳದೆ ಬರುವವರೇ ಜಾಸ್ತಿ. ಅದಿಲ್ಲದೆ ಕೊನೆಯ ಹಂತದಲ್ಲಿ ಗಾಡಿ ನಿಂತುಬಿಡುತ್ತದೆ.

ಹಂತ 1: ನಿಮ್ಮ ಕೈಯಲ್ಲಿರುವುದು ಹುಡುಕಲು ಯೋಗ್ಯವಾದ ವಿಳಾಸವೇ?

ಐಪಿ ವಿಳಾಸ ಎಂದರೆ ಇಂಟರ್‌ನೆಟ್ಟಿನಲ್ಲಿ ದತ್ತಾಂಶ ಯಾರಿಗೆ ತಲುಪಬೇಕೆಂದು ಹೇಳುವ ಸಂಖ್ಯೆ. ಹಳೆಯ ಪದ್ಧತಿ ಐಪಿವಿ4ರಲ್ಲಿ ಚುಕ್ಕಿಯಿಂದ ಬೇರ್ಪಟ್ಟ ನಾಲ್ಕು ಸಂಖ್ಯೆಗಳು, ಒಂದೊಂದೂ 0ಯಿಂದ 255ರ ಒಳಗೆ. ಲೆಕ್ಕ ಹಾಕಿದರೆ ಒಟ್ಟು ಸುಮಾರು 429 ಕೋಟಿ ವಿಳಾಸಗಳು. ಭೂಮಿಯ ಮೇಲಿನ ಜನಸಂಖ್ಯೆಗೇ ಅದು ಸಾಲದು. ಹೊಸ ಪದ್ಧತಿ ಐಪಿವಿ6ರಲ್ಲಿ ಎರಡೆರಡು ಚುಕ್ಕಿ ಹಾಕಿ ಬರೆದ ಉದ್ದನೆಯ ವಿಳಾಸ ಇರುತ್ತದೆ. ನಿಮ್ಮ ಮೊಬೈಲ್ ವಿಳಾಸ 2409:40 ಎಂದು ಶುರುವಾದರೆ ಜಿಯೋ, 2401:4900 ಎಂದಿದ್ದರೆ ಏರ್‌ಟೆಲ್.

ಕೆಲವು ವಿಳಾಸಗಳನ್ನು ಹುಡುಕಿ ಪ್ರಯೋಜನವೇ ಇಲ್ಲ. 10ರಿಂದ ಶುರುವಾಗುವ ಎಲ್ಲವೂ, 172.16ರಿಂದ 172.31ರವರೆಗಿನವು, 192.168ರಿಂದ ಶುರುವಾಗುವವು ಮನೆ, ಕಚೇರಿಯ ಒಳಗಿನ ಬಳಕೆಗೆ ಮೀಸಲಾದ ಖಾಸಗಿ ವಿಳಾಸಗಳು. ನಿಮ್ಮ ಮನೆಯ ರೌಟರ್ 192.168.1.1 ಆಗಿದ್ದರೆ ಪಕ್ಕದ ಮನೆಯದೂ ಅದೇ ಇರಬಹುದು. "ಅಡುಗೆಮನೆ" ಎಂದರೆ ಯಾರ ಮನೆಯದು ಎಂದು ಗೊತ್ತಾಗುವುದಿಲ್ಲವಲ್ಲ, ಹಾಗೆ. 127.0.0.1 ನಿಮ್ಮ ಕಂಪ್ಯೂಟರೇ. 169.254ರಿಂದ ಶುರುವಾದರೆ ಯಂತ್ರಕ್ಕೆ ಸರಿಯಾದ ವಿಳಾಸ ಸಿಕ್ಕಿಲ್ಲ ಎಂದರ್ಥ. 100.64ರಿಂದ 100.127ರವರೆಗಿನದು ಇಂಟರ್‌ನೆಟ್ ಕಂಪನಿಗಳು ತಮ್ಮೊಳಗೆ ಬಳಸುವ ಗುಂಪು. ಇದರ ಬಗ್ಗೆ ಮುಂದೆ ಮತ್ತೆ ಹೇಳಬೇಕಾಗುತ್ತದೆ.

ವಿಳಾಸ ಎಲ್ಲಿಂದ ಸಿಕ್ಕಿತು ಎಂಬುದನ್ನೂ ನೋಡಿ. ಇಮೇಲ್‌ನಿಂದಾದರೆ, ಜಿಮೇಲ್‌ನಲ್ಲಿ "ಶೋ ಒರಿಜಿನಲ್" ಒತ್ತಿದಾಗ ಕಾಣುವ "ರಿಸೀವ್ಡ್" ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಓದಬೇಕು. ಮೇಲಿನವು ನಿಮ್ಮ ಕಡೆಯ ಸರ್ವರ್ ಬರೆದದ್ದು, ನಂಬಬಹುದು. ಕೆಳಗಿನವನ್ನು ಕಳಿಸಿದವನು ಸುಳ್ಳು ಬರೆದು ತುರುಕಿರಬಹುದು. ಎಲ್ಲರಿಗೂ ಬೇಸರ ತರುವ ಸಂಗತಿಯೊಂದಿದೆ: ಜಿಮೇಲ್‌ನ ವೆಬ್ ಪುಟದಿಂದ ಕಳಿಸಿದ ಮೇಲ್‌ನಲ್ಲಿ ಕಳಿಸಿದವರ ಐಪಿ ಇರುವುದೇ ಇಲ್ಲ, ಗೂಗಲ್ ಸರ್ವರಿನದು ಇರುತ್ತದೆ. ಅದನ್ನು ಹುಡುಕಿ "ಬೆದರಿಕೆ ಮೇಲ್ ಅಮೆರಿಕದಿಂದ ಬಂದಿದೆ" ಎಂದು ತೀರ್ಮಾನಿಸಿದವರನ್ನು ಕಂಡಿದ್ದೇನೆ.

ವೆಬ್‌ಸೈಟ್ ನಡೆಸುವವರಿಗೆ ಇದೇ ಬಗೆಯ ಮತ್ತೊಂದು ಗುಂಡಿ. ನಿಮ್ಮ ಸೈಟು ಕ್ಲೌಡ್‌ಫ್ಲೇರ್‌ನಂಥ ಮಧ್ಯವರ್ತಿಯ, ಅಂದರೆ ಬರುವವರನ್ನು ಮೊದಲು ತಾನು ಎದುರುಗೊಂಡು ನಿಮ್ಮ ಸರ್ವರಿಗೆ ದಾಟಿಸುವ ಕಂಪನಿಯ, ಹಿಂದಿದ್ದರೆ, ಸರ್ವರಿನ ಲಾಗ್‌ನಲ್ಲಿ, ಅಂದರೆ ಬಂದುಹೋದವರ ದಿನಚರಿಯಲ್ಲಿ, ಕಾಣುವುದು ಮಧ್ಯವರ್ತಿಯ ವಿಳಾಸ. ಅಸಲಿ ವಿಳಾಸ ದಾಖಲಾಗುವಂತೆ ಸರ್ವರನ್ನು ಮೊದಲು ಹೊಂದಿಸಿಕೊಳ್ಳಿ. ಇಲ್ಲದಿದ್ದರೆ ಕಾಟ ತಡೆಯಲು ಹೋಗಿ ಮಧ್ಯವರ್ತಿಯನ್ನೇ ತಡೆದು, ಸೈಟು ಯಾರಿಗೂ ತೆರೆಯದಂತೆ ಮಾಡಿಕೊಳ್ಳುತ್ತೀರಿ.

ಹಂತ 2: ಪಹಣಿ ತೆಗೆಯಿರಿ

ಜಮೀನಿಗೆ ಪಹಣಿ ಇದ್ದಂತೆ ಐಪಿ ವಿಳಾಸಕ್ಕೆ ನೋಂದಣಿ ದಾಖಲೆ ಇದೆ. ಅದನ್ನು ಕೇಳಿ ಪಡೆಯುವ ಹಳೆಯ ವಿಧಾನದ ಹೆಸರು ಹೂಈಸ್. ಇಂಗ್ಲಿಷಿನಲ್ಲಿ "ಇದು ಯಾರು" ಎಂಬ ಪ್ರಶ್ನೆಯನ್ನೇ ಒಂದು ಪದ ಮಾಡಿದ್ದಾರೆ. ಹೊಸ ವಿಧಾನ ಆರ್‌ಡಿಎಪಿ. ಮಾಹಿತಿ ಹೆಚ್ಚುಕಡಿಮೆ ಅದೇ, ಆದರೆ ಅಚ್ಚುಕಟ್ಟಾಗಿ, ಯಂತ್ರಕ್ಕೂ ಓದಲು ಬರುವಂತೆ ಸಿಗುತ್ತದೆ.

ವಿಳಾಸ ಹಂಚಿಕೆಯ ವ್ಯವಸ್ಥೆ ತಿಳಿದಿದ್ದರೆ ದಾಖಲೆ ಓದುವುದು ಸುಲಭ. ತುತ್ತತುದಿಯಲ್ಲಿರುವುದು ಐಯಾನಾ. ಅದರ ಕೆಳಗೆ ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳು: ಅಮೆರಿಕ, ಕೆನಡಾಗಳಿಗೆ ಆರಿನ್, ಯುರೋಪ್ ಮತ್ತು ಪಶ್ಚಿಮ ಏಷ್ಯಾಕ್ಕೆ ಆಮ್‌ಸ್ಟರ್‌ಡ್ಯಾಮಿನ ರೈಪ್, ಏಷ್ಯಾ ಪೆಸಿಫಿಕ್‌ಗೆ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿರುವ ಎಪಿನಿಕ್, ಲ್ಯಾಟಿನ್ ಅಮೆರಿಕಕ್ಕೆ ಲ್ಯಾಕ್‌ನಿಕ್, ಆಫ್ರಿಕಾಕ್ಕೆ ಆಫ್ರಿನಿಕ್. ಎಪಿನಿಕ್ ಕೆಳಗೆ ನಮ್ಮ ದೇಶದ್ದೇ ಆದ ಇರಿನ್ ಇದೆ. ನಿಕ್ಸಿ ಎಂಬ ಸಂಸ್ಥೆ ಅದನ್ನು ನಡೆಸುತ್ತದೆ. ಐಯಾನಾ ಬಳಿ ಹಂಚಲು ಉಳಿದಿದ್ದ ಐಪಿವಿ4 ವಿಳಾಸಗಳು 2011ರ ಫೆಬ್ರವರಿ 3ರಂದೇ ಮುಗಿದವು. ಅಲ್ಲಿಂದೀಚೆಗೆ ಹಳೆಯ ವಿಳಾಸಗಳ ಮಾರಾಟ, ಗೇಣಿ ಜೋರಾಗಿ ನಡೆದಿದೆ. ಹಳೆಯ ಮಾಹಿತಿ ನೋಡಿ ಎಡವುವುದಕ್ಕೆ ಇದೂ ಒಂದು ಕಾರಣ.

ಈಗ ಕೆಲಸಕ್ಕೆ ಬನ್ನಿ. ಬ್ರೌಸರಿನಲ್ಲಿ ಎಪಿನಿಕ್‌ನ ಹೂಈಸ್ ಪುಟ ತೆರೆದು ವಿಳಾಸ ಹಾಕಿ. ಮ್ಯಾಕ್ ಇದ್ದರೆ ಟರ್ಮಿನಲ್ ತೆರೆದು ಡಬ್ಲ್ಯು-ಎಚ್-ಒ-ಐ-ಎಸ್ ಎಂದು ಬರೆದು, ಒಂದು ಜಾಗ ಬಿಟ್ಟು ವಿಳಾಸ ಹಾಕಿದರೆ ಸಾಕು. ಲಿನಕ್ಸ್‌ನಲ್ಲೂ ಹಾಗೇ, ಕೆಲವುದರಲ್ಲಿ ಮೊದಲು ಅದೇ ಹೆಸರಿನ ಪ್ಯಾಕೇಜ್ ಹಾಕಿಕೊಳ್ಳಬೇಕು. ವಿಂಡೋಸ್‌ನಲ್ಲಿ ಇದು ಜೊತೆಗೆ ಬರುವುದಿಲ್ಲ, ಬ್ರೌಸರೇ ಗತಿ.

ಇಲ್ಲಿನ ದೊಡ್ಡ ಗುಂಡಿ: ತಪ್ಪು ಕಚೇರಿಯಲ್ಲಿ ಪಹಣಿ ಕೇಳುವುದು. ಬಿಎಸ್ಎನ್ಎಲ್‌ನ ವಿಳಾಸವೊಂದನ್ನು ಅಮೆರಿಕದ ಆರಿನ್ ಬಳಿ ಕೇಳಿದರೆ "ಈ ಗುಂಪನ್ನು ಎಪಿನಿಕ್‌ಗೆ ಕೊಟ್ಟಿದ್ದೇವೆ" ಎನ್ನುವ ಉತ್ತರ ಬರುತ್ತದೆ, ಜೊತೆಗೆ ಬ್ರಿಸ್ಬೇನಿನ ಅಂಚೆ ವಿಳಾಸ. ಅದನ್ನು ಓದಿ ದಾಳಿ ಆಸ್ಟ್ರೇಲಿಯಾದಿಂದ ಬಂತು ಎಂದುಕೊಳ್ಳುವವರು ಇಂದಿಗೂ ಇದ್ದಾರೆ. ಆಸ್ಟ್ರೇಲಿಯಾ, ಆಮ್‌ಸ್ಟರ್‌ಡ್ಯಾಂ ಕಂಡ ಕೂಡಲೇ ನಿಂತು ನೋಡಿ. ಅದು ನೋಂದಣಿ ಕಚೇರಿಯ ವಿಳಾಸವಾಗಿದ್ದರೆ ಆ ಕಚೇರಿಗೇ ಹೋಗಿ ಮತ್ತೆ ಕೇಳಿ.

ಹಂತ 3: ದಾಖಲೆ ಓದುವುದು

ಉತ್ತರ ಉದ್ದವಾಗಿರುತ್ತದೆ. ಹೆದರಬೇಡಿ, ನೋಡಬೇಕಾದ ಸಾಲುಗಳು ಐದಾರು ಮಾತ್ರ. "ಇನೆಟ್‌ನಮ್" ಅಥವಾ "ನೆಟ್‌ರೇಂಜ್" ಎಂಬುದು ಗುಂಪಿನ ಮೊದಲ ಮತ್ತು ಕೊನೆಯ ವಿಳಾಸ. ಕೆಲವೊಮ್ಮೆ ಇದನ್ನು /24, /22 ಎಂದು ಚಿಕ್ಕದಾಗಿ ಬರೆಯುತ್ತಾರೆ. /24 ಎಂದರೆ 256 ವಿಳಾಸಗಳ ಗುಂಪು, /22 ಎಂದರೆ 1024. ಸಂಖ್ಯೆ ಚಿಕ್ಕದಾದಷ್ಟೂ ಗುಂಪು ದೊಡ್ಡದು, ಇದು ಎಲ್ಲರಿಗೂ ಮೊದಲು ಉಲ್ಟಾ ಅನ್ನಿಸುತ್ತದೆ. "ನೆಟ್‌ನೇಮ್", "ಡಿಸ್ಕ್ರಿಪ್ಷನ್" ಸಾಲುಗಳಲ್ಲಿ ಒಡೆಯನ ಹೆಸರು.

"ಸ್ಟೇಟಸ್" ಸಾಲನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಬಿಡಬೇಡಿ. ಎಪಿನಿಕ್ ದಾಖಲೆಯಲ್ಲಿ "ಅಲೊಕೇಟೆಡ್ ಪೋರ್ಟಬಲ್" ಎಂದಿದ್ದರೆ ನೋಂದಣಿ ಸಂಸ್ಥೆ ನೇರವಾಗಿ ಆ ಕಂಪನಿಗೇ ಕೊಟ್ಟದ್ದು. "ಅಸೈನ್ಡ್ ನಾನ್-ಪೋರ್ಟಬಲ್" ಎಂದಿದ್ದರೆ ಇಂಟರ್‌ನೆಟ್ ಕಂಪನಿ ತನ್ನ ಗುಂಪಿನಿಂದ ಒಂದು ತುಂಡನ್ನು ಗ್ರಾಹಕನಿಗೆ ಕೊಟ್ಟದ್ದು. ಎರಡನೆಯದರಲ್ಲಿ ಕಾಲೇಜೋ ಕಾರ್ಖಾನೆಯೋ ಬ್ಯಾಂಕೋ ಹೆಸರಿನ ಸಮೇತ ಸಿಗಬಹುದು. ಇಷ್ಟು ಹತ್ತಿರ ಬರುವುದು ಅಪರೂಪ, ಬಂದರೆ ಅದೃಷ್ಟ.

"ಕಂಟ್ರಿ" ಸಾಲನ್ನು ಮಾತ್ರ ಸ್ವಲ್ಪ ಅನುಮಾನದಿಂದಲೇ ನೋಡಿ. ಅದು ಸಂಸ್ಥೆ ಇರುವ ದೇಶವಾಗಿರಬಹುದು, ವಿಳಾಸ ಬಳಕೆಯಾಗುವ ದೇಶವೂ ಆಗಿರಬಹುದು. "ಅಬ್ಯೂಸ್" ಎಂಬ ಪದವಿರುವ ಇಮೇಲ್ ವಿಳಾಸ ಕಂಡರೆ ಬರೆದಿಟ್ಟುಕೊಳ್ಳಿ, ದೂರು ಕಳಿಸಬೇಕಾದದ್ದು ಅಲ್ಲಿಗೆ. ದಾಖಲೆಯಲ್ಲಿ ವ್ಯಕ್ತಿಯ ಹೆಸರು, ಫೋನ್ ಸಂಖ್ಯೆ ಇದ್ದರೆ ಅವರು ಅಪರಾಧಿಯಲ್ಲ, ಆ ಕಂಪನಿಯ ನೆಟ್‌ವರ್ಕ್ ನೋಡಿಕೊಳ್ಳುವ ನೌಕರ. ದಯವಿಟ್ಟು ಅವರಿಗೆ ಫೋನ್ ಮಾಡಿ ಬೈಯಬೇಡಿ.

ಹಂತ 4: ಸಾಗುವಳಿ ಯಾರದು?

ಪಹಣಿಯಲ್ಲಿ 9ನೇ ಕಾಲಂನಲ್ಲಿ ಮಾಲೀಕನ ಹೆಸರು ಇರುತ್ತದೆ, ಸಾಗುವಳಿ ವಿವರ 12ರಲ್ಲಿ. ಎರಡೂ ಕಡೆ ಒಂದೇ ಹೆಸರು ಇರಬೇಕೆಂದಿಲ್ಲ ಎಂಬುದು ಹಳ್ಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಐಪಿ ವಿಳಾಸದ ಕತೆಯೂ ಇದೇ. ಹೂಈಸ್ ತೋರಿಸುವುದು 9ನೇ ಕಾಲಂ. ಆ ವಿಳಾಸಗಳನ್ನು ಈ ಹೊತ್ತು ಯಾರು ಬಳಕೆಗೆ ತಂದಿದ್ದಾರೆ ಎಂದು ನೋಡಲು ಎಎಸ್ ಸಂಖ್ಯೆ ಬೇಕು.

ಎಎಸ್ ಎಂದರೆ ಒಬ್ಬರ ಆಡಳಿತಕ್ಕೆ ಒಳಪಟ್ಟ ನೆಟ್‌ವರ್ಕ್. ಇಂಟರ್‌ನೆಟ್ ಎನ್ನುವುದೇ ಇಂಥ ಸಾವಿರಾರು ನೆಟ್‌ವರ್ಕುಗಳ ಕೂಟ. ಒಂದೊಂದಕ್ಕೂ ಒಂದು ಸಂಖ್ಯೆ ಇರುತ್ತದೆ: ಬಿಎಸ್ಎನ್ಎಲ್‌ನದು 9829, ಜಿಯೋದು 55836, ಗೂಗಲ್‌ನದು 15169. "ಈ ವಿಳಾಸಗಳಿಗೆ ಬರುವುದೆಲ್ಲ ನನ್ನ ಕಡೆ ಕಳಿಸಿ" ಎಂದು ನೆಟ್‌ವರ್ಕುಗಳು ಅಕ್ಕಪಕ್ಕದವರಿಗೆ ಸಾರುತ್ತಲೇ ಇರುತ್ತವೆ. ಈ ಡಂಗುರದ ಭಾಷೆಯ ಹೆಸರು ಬಿಜಿಪಿ. ಯಾರು ಯಾವ ವಿಳಾಸ ಸಾರುತ್ತಿದ್ದಾರೆ ಎಂಬುದು ಗುಟ್ಟೇನಲ್ಲ. ಹರಿಕೇನ್ ಎಲೆಕ್ಟ್ರಿಕ್ ಕಂಪನಿಯ ಬಿಜಿಪಿ ಟೂಲ್‌ಕಿಟ್ ಪುಟದಲ್ಲೋ ರೈಪ್‌ಸ್ಟ್ಯಾಟ್ ಪುಟದಲ್ಲೋ ವಿಳಾಸ ಹಾಕಿದರೆ ಬಿಟ್ಟಿಯಾಗಿ ಸಿಗುತ್ತದೆ.

1.1.1.1 ವಿಳಾಸವನ್ನು ನೀವೇ ಹಾಕಿ ನೋಡಿ. ಹೂಈಸ್ ದಾಖಲೆ ಎಪಿನಿಕ್‌ನ ಸಂಶೋಧನಾ ವಿಭಾಗದ ಹೆಸರು ಹೇಳುತ್ತದೆ, ದೇಶ ಆಸ್ಟ್ರೇಲಿಯಾ. ಸಾರುತ್ತಿರುವ ನೆಟ್‌ವರ್ಕ್ ಮಾತ್ರ 13335, ಅದು ಕ್ಲೌಡ್‌ಫ್ಲೇರ್. ಮಾಲೀಕ ಒಬ್ಬ, ಉಳುವವ ಇನ್ನೊಬ್ಬ. 2018ರ ಏಪ್ರಿಲ್ 1ರಂದು ಕ್ಲೌಡ್‌ಫ್ಲೇರ್ ತನ್ನ ಡಿಎನ್ಎಸ್ ಸೇವೆಯನ್ನು, ಅಂದರೆ ವೆಬ್‌ಸೈಟಿನ ಹೆಸರಿಗೆ ತಕ್ಕ ವಿಳಾಸ ಹುಡುಕಿಕೊಡುವ ಸೇವೆಯನ್ನು, ಎಪಿನಿಕ್ ಜೊತೆಗಿನ ಒಪ್ಪಂದದಲ್ಲಿ ಈ ವಿಳಾಸದ ಮೇಲೆ ಶುರುಮಾಡಿತು.

ಈ ಹಂತದಲ್ಲೇ ಅರ್ಧಕ್ಕರ್ಧ ಪ್ರಶ್ನೆಗಳು ಬಗೆಹರಿಯುತ್ತವೆ. ನೆಟ್‌ವರ್ಕ್ ಜಿಯೋ, ಏರ್‌ಟೆಲ್, ಬಿಎಸ್ಎನ್ಎಲ್ ಎಂದು ಬಂದರೆ ಆ ಕಡೆ ಇರುವುದು ಹೆಚ್ಚಾಗಿ ಸಾಮಾನ್ಯ ಗ್ರಾಹಕ. ಅಮೆಜಾನ್, ಡಿಜಿಟಲ್‌ಓಷನ್ ಎಂದು ಬಂದರೆ ಬಾಡಿಗೆ ಸರ್ವರ್. ಡಿಜಿಟಲ್‌ಓಷನ್‌ಗೆ ಬೆಂಗಳೂರಿನಲ್ಲೂ ಡೇಟಾ ಸೆಂಟರ್ ಇದೆ. ಹಾಗಾಗಿ ನಕ್ಷೆಯಲ್ಲಿ ಬೆಂಗಳೂರು ಕಂಡಿತೆಂದು ಬೆಂಗಳೂರಿನವನನ್ನು ಹುಡುಕುತ್ತ ಹೊರಡಬೇಡಿ. ಆ ಸರ್ವರನ್ನು ಬಾಡಿಗೆಗೆ ಹಿಡಿದವನು ಭೂಮಿಯ ಯಾವ ಮೂಲೆಯಲ್ಲೂ ಇರಬಹುದು. ವಿಪಿಎನ್, ಅಂದರೆ ತನ್ನ ವಿಳಾಸ ಮರೆಸಿ ಬೇರೆಯದನ್ನು ತೋರಿಸುವ ಸೇವೆ, ಬಳಸುವವರೂ ಇದೇ ಬಾಡಿಗೆ ಸರ್ವರುಗಳ ಮುಖವಾಡದಲ್ಲಿ ಬರುತ್ತಾರೆ.

ಶಿರಸಿಯವರ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಇನ್‌ಬಾಕ್ಸಿನ ಬಲ ತಳದಲ್ಲಿರುವ "ಡೀಟೇಲ್ಸ್" ಒತ್ತಿದರೆ ಇತ್ತೀಚಿನ ಲಾಗಿನ್‌ಗಳ ವಿಳಾಸ, ಸಮಯ ಸಿಗುತ್ತದೆ. ಆ ವಿಳಾಸ ನಿಮ್ಮದೇ ಮೊಬೈಲ್ ಕಂಪನಿಯದಾಗಿ, ಸಮಯ ನೀವು ಮೇಲ್ ತೆರೆದ ಹೊತ್ತಿಗೇ ಕೂಡಿಬಂದರೆ ಅದು ನೀವೇ. ಮೊಬೈಲ್ ಡೇಟಾ ಇಂಟರ್‌ನೆಟ್ಟಿಗೆ ಹೊರಬೀಳುವುದು ನಿಮ್ಮೂರಿನ ಟವರ್‌ನಿಂದಲ್ಲ, ಕಂಪನಿಯ ದೊಡ್ಡ ಹೆಬ್ಬಾಗಿಲಿನಿಂದ. ಅದು ಚೆನ್ನೈನಲ್ಲೋ ಮುಂಬೈನಲ್ಲೋ ಇರಬಹುದು. ನೀವು ಕಂಡುಕೇಳದ ಕಂಪನಿಯ ಹೆಸರು ಬಂದರೆ, ಅಥವಾ ನೀವು ನಿದ್ದೆಯಲ್ಲಿದ್ದ ಹೊತ್ತು ತೋರಿಸಿದರೆ, ಉಳಿದ ಹಂತಗಳನ್ನು ಬದಿಗಿಟ್ಟು ಮೊದಲು ಪಾಸ್‌ವರ್ಡ್ ಬದಲಿಸಿ.

ಹಂತ 5: ಈಗ ನಕ್ಷೆ ನೋಡಿ, ಒಂದಲ್ಲ, ಮೂರು

ಮ್ಯಾಕ್ಸ್‌ಮೈಂಡ್, ಐಪಿಇನ್ಫೋ, ಐಪಿ2ಲೊಕೇಶನ್, ಡಿಬಿ-ಐಪಿ ಮುಂತಾದ ಕಂಪನಿಗಳು ವಿಳಾಸಕ್ಕೆ ಊರು ಹೊಂದಿಸುವ ಪಟ್ಟಿಗಳನ್ನು ಇಟ್ಟುಕೊಂಡಿವೆ. ನೋಂದಣಿ ದಾಖಲೆ, ಸಂದೇಶ ತಲುಪಲು ಹಿಡಿಯುವ ಸಮಯ, ಇಂಟರ್‌ನೆಟ್ ಕಂಪನಿಗಳೇ ಕೊಡುವ ಪಟ್ಟಿ, ಹೀಗೆ ಹಲವು ಮೂಲ ಸೇರಿಸಿ ಮಾಡಿದ ಊಹೆ ಅದು. ಮೂರು ಕಡೆ ಹಾಕಿ ನೋಡಿ. ದೇಶದ ವಿಷಯದಲ್ಲಿ ಸಾಮಾನ್ಯವಾಗಿ ಮೂವರೂ ಒಪ್ಪುತ್ತಾರೆ. ಊರಿಗೆ ಬಂದಾಗ ಒಬ್ಬ ಹುಬ್ಬಳ್ಳಿ, ಇನ್ನೊಬ್ಬ ಬೆಂಗಳೂರು, ಮತ್ತೊಬ್ಬ ಪುಣೆ ಎಂದರೆ ಆಶ್ಚರ್ಯಪಡಬೇಡಿ. ಮೂವರೂ ಒಂದೇ ಊರು ಹೇಳಿದರೂ ಪೂರ್ತಿ ನಂಬಲಾಗದು, ಎಲ್ಲರೂ ಒಂದೇ ತಪ್ಪು ಮೂಲದಿಂದ ಎತ್ತಿಕೊಂಡಿರಬಹುದು.

ನಕ್ಷೆಯ ಮೇಲಿನ ಸೂಜಿಯನ್ನಂತೂ ಎಂದಿಗೂ ಮನೆ ಎಂದುಕೊಳ್ಳಬೇಡಿ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಪಾಟ್ವಿನ್ ಊರಿನ ಬಳಿಯ ಒಂದು ತೋಟದ ಮನೆಗೆ ವರ್ಷಗಟ್ಟಲೆ ಪೊಲೀಸರು, ತನಿಖಾಧಿಕಾರಿಗಳು, ಮೋಸಹೋದ ಜನ ಬಂದು ಬಾಗಿಲು ಬಡಿಯುತ್ತಿದ್ದರು. ಕಾರಣ 2016ರಲ್ಲಿ ಬಯಲಾಯಿತು. "ಅಮೆರಿಕದಲ್ಲಿದೆ, ಎಲ್ಲಿ ಗೊತ್ತಿಲ್ಲ" ಎನ್ನುವ ವಿಳಾಸಗಳಿಗೆ ಮ್ಯಾಕ್ಸ್‌ಮೈಂಡ್ ದೇಶದ ನಡುಮಧ್ಯದ ಅಂಕಿಗಳನ್ನು ದುಂಡಾಗಿಸಿ, 38 ಡಿಗ್ರಿ ಉತ್ತರ, 97 ಡಿಗ್ರಿ ಪಶ್ಚಿಮ ಎಂದು ಹಾಕಿತ್ತು. ಸುಮಾರು 60 ಕೋಟಿ ವಿಳಾಸಗಳು ಆ ಒಂದು ಅಂಗಳಕ್ಕೆ ಬಂದು ಬಿದ್ದಿದ್ದವು. ಸುದ್ದಿಯಾದ ಮೇಲೆ ಕಂಪನಿ ಆ ಬಿಂದುವನ್ನು ಕೆರೆಯ ನಡುವಿಗೆ ಸರಿಸಿತು. ಇಂಥ ಪಟ್ಟಿಗಳಲ್ಲಿ ಎಷ್ಟೋ ಸಲ "ಅಕ್ಯುರೆಸಿ ರೇಡಿಯಸ್" ಎಂಬ ಅಂಕಿಯೂ ಇರುತ್ತದೆ, ಎಷ್ಟು ಕಿಲೋಮೀಟರ್ ಆಚೀಚೆ ಆಗಬಹುದು ಎಂದು. ಅಲ್ಲಿ 200 ಎಂದಿದ್ದರೆ ಬೆಂಗಳೂರಿನಲ್ಲಿಟ್ಟ ಸೂಜಿ ಮೈಸೂರನ್ನೂ ಒಳಗೊಂಡಂತೆ.

ಹಂತ 6: ಬೆಳಕಿನ ವೇಗದಿಂದ ಪರೀಕ್ಷೆ

ನನಗೆ ಇಷ್ಟವಾದ ಹಂತ ಇದು. ಇಲ್ಲಿ ಯಾರ ಮಾತನ್ನೂ ನಂಬಬೇಕಿಲ್ಲ. ಪಿಂಗ್ ಎಂಬ ಆದೇಶ ಒಂದು ವಿಳಾಸಕ್ಕೆ ಪುಟ್ಟ ಸಂದೇಶ ಕಳಿಸಿ, ಉತ್ತರ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದು ಹೇಳುತ್ತದೆ. ವಿಂಡೋಸ್, ಮ್ಯಾಕ್ ಎಲ್ಲದರಲ್ಲೂ ಇದೆ: ಪಿ-ಐ-ಎನ್-ಜಿ ಎಂದು ಬರೆದು ವಿಳಾಸ ಹಾಕಿ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರುವ ಲೆಕ್ಕದಲ್ಲಿ 1 ಮಿಲಿಸೆಕೆಂಡಿಗೆ 100 ಕಿಲೋಮೀಟರ್ ದೂರ, ಅದಕ್ಕಿಂತ ಹೆಚ್ಚಿಲ್ಲ.

8.8.8.8 ಗೂಗಲ್‌ನದು, ಹೂಈಸ್ ದಾಖಲೆಯಲ್ಲಿ ಕ್ಯಾಲಿಫೋರ್ನಿಯಾ ಎಂದಿದೆ. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾ ಸುಮಾರು 14,000 ಕಿಲೋಮೀಟರ್. ಹೋಗಿಬರಲು ಕನಿಷ್ಠ 140 ಮಿಲಿಸೆಕೆಂಡ್ ಬೇಕು. ಆದರೆ ಬೆಂಗಳೂರಿನ ಒಳ್ಳೆಯ ಸಂಪರ್ಕದಿಂದ ಪಿಂಗ್ ಮಾಡಿದರೆ ಉತ್ತರ ಅದರ ಒಂದು ಸಣ್ಣ ಪಾಲಿನಷ್ಟು ಸಮಯದಲ್ಲೇ ಬಂದುಬಿಡುತ್ತದೆ. ಅಂದರೆ ಉತ್ತರಿಸಿದ ಯಂತ್ರ ಅಮೆರಿಕದಲ್ಲಿಲ್ಲ, ಇಲ್ಲೇ ಹತ್ತಿರದಲ್ಲಿದೆ. ಒಂದೇ ವಿಳಾಸವನ್ನು ಹಲವು ಊರುಗಳಲ್ಲಿ ಒಟ್ಟಿಗೆ ಇಡುವ ಈ ಪದ್ಧತಿಗೆ ಎನಿಕಾಸ್ಟ್ ಎನ್ನುತ್ತಾರೆ. ಇಂಥ ವಿಳಾಸಕ್ಕೆ "ಎಲ್ಲಿದೆ" ಎಂಬ ಪ್ರಶ್ನೆಯೇ ಹೊಂದುವುದಿಲ್ಲ.

ಲೆಕ್ಕವನ್ನು ಉಲ್ಟಾ ಮಾಡಬೇಡಿ. 8 ಮಿಲಿಸೆಕೆಂಡಿನಲ್ಲಿ ಉತ್ತರ ಬಂದರೆ 800 ಕಿಲೋಮೀಟರಿನ ಒಳಗೇ ಇದೆ ಎಂದು ಧೈರ್ಯವಾಗಿ ಹೇಳಬಹುದು. 150 ಮಿಲಿಸೆಕೆಂಡ್ ಆಯಿತೆಂದು ದೂರದಲ್ಲಿದೆ ಎನ್ನಲಾಗದು. ನಿಮ್ಮ ವೈಫೈ ಕುಂಟುತ್ತಿರಬಹುದು, ದಾರಿ ಸುತ್ತುಬಳಸಾಗಿರಬಹುದು. ಎಷ್ಟೋ ಯಂತ್ರಗಳು ಪಿಂಗ್‌ಗೆ ಉತ್ತರಿಸುವುದೇ ಇಲ್ಲ, ಅದೂ ಮಾಮೂಲು.

ದಾರಿಯ ಒಂದೊಂದು ನಿಲ್ದಾಣವನ್ನೂ ತೋರಿಸುವ ಟ್ರೇಸ್‌ರೂಟ್ ಕೂಡ ಬಳಸಿ. ಕೆಲವು ನಿಲ್ದಾಣಗಳ ಹೆಸರಿನಲ್ಲಿ ವಿಮಾನ ನಿಲ್ದಾಣದ ಸಂಕೇತ ಅಡಗಿರುತ್ತದೆ: ಬಿ-ಎಲ್-ಆರ್ ಬೆಂಗಳೂರು, ಎಂ-ಎ-ಎ ಚೆನ್ನೈ, ಬಿ-ಒ-ಎಂ ಮುಂಬೈ.

ಹಂತ 7: ಸಿಕ್ಕಿದ್ದನ್ನು ಏನು ಮಾಡುವುದು?

ಕಾಟ ಕೊಡುವ ವಿಳಾಸದ ನೆಟ್‌ವರ್ಕ್ ಗೊತ್ತಾಗಿದ್ದರೆ ಅಬ್ಯೂಸ್ ಇಮೇಲ್‌ಗೆ ಬರೆಯಿರಿ. ಚಿಕ್ಕದಾಗಿ, ಸಿಟ್ಟಿಲ್ಲದೆ: ವಿಳಾಸ, ಸಮಯ, ಏನಾಯಿತು, ಲಾಗ್‌ನ ನಾಲ್ಕು ಸಾಲು. ಸಮಯದ ಜೊತೆ ಯಾವ ದೇಶದ ಸಮಯ ಎಂದು ಬರೆಯಲೇಬೇಕು. ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಬರೆಯುತ್ತವೆ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಲಾಗ್‌ನಲ್ಲಿ ರಾತ್ರಿ 8.10 ಎಂದಿದ್ದರೆ ಇಲ್ಲಿ ಆಗಲೇ ಮಾರನೆಯ ದಿನ ನಸುಕಿನ 1.40. ತಾರೀಖೇ ಬದಲಾಗುತ್ತದೆ.

ಮೊದಲ ಹಂತದಲ್ಲಿ ಹೇಳಿದ 100.64ರ ಗುಂಪು ಇಲ್ಲಿ ಮತ್ತೆ ಬರುತ್ತದೆ. ವಿಳಾಸಗಳ ಕೊರತೆಯಿಂದಾಗಿ ಕಂಪನಿಗಳು ಒಂದೇ ಸಾರ್ವಜನಿಕ ಐಪಿವಿ4 ವಿಳಾಸವನ್ನು ಹತ್ತಾರು, ನೂರಾರು ಗ್ರಾಹಕರಿಗೆ ಹಂಚುತ್ತವೆ. ಒಳಗೆ ಒಬ್ಬೊಬ್ಬರಿಗೂ 100.64ರಂಥ ವಿಳಾಸ, ಹೊರಗೆ ಎಲ್ಲರಿಗೂ ಒಂದೇ. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ವಿಳಾಸ ಮತ್ತು ಸಮಯ ಇದ್ದರೂ ಯಾರು ಎಂದು ಹೇಳಲು ಕಂಪನಿಗೇ ಪೋರ್ಟ್ ಸಂಖ್ಯೆಯೂ ಬೇಕಾಗುತ್ತದೆ. ಪೋರ್ಟ್ ಎಂದರೆ ಆ ಸಂಪರ್ಕಕ್ಕೆ ಕೊಟ್ಟ ಟೋಕನ್ ನಂಬರ್ ಇದ್ದಂತೆ. ಹೆಚ್ಚಿನ ವೆಬ್ ಸರ್ವರ್‌ಗಳು ಬಂದವರ ಪೋರ್ಟನ್ನು ತಾವಾಗಿ ಬರೆದಿಡುವುದಿಲ್ಲ, ಸೆಟ್ಟಿಂಗ್‌ನಲ್ಲಿ ಸೇರಿಸಬೇಕು. ಇವತ್ತೇ ಸೇರಿಸಿಡಿ. ಇಂಥ ಒಂದು ವಿಳಾಸವನ್ನು ಶಾಶ್ವತವಾಗಿ ತಡೆಹಿಡಿದರೆ ತಪ್ಪೇನೂ ಮಾಡದ ಒಂದು ಇಡೀ ಬೀದಿಯನ್ನು ಹೊರಗಿಟ್ಟಂತಾಗುತ್ತದೆ, ನೆನಪಿರಲಿ.

ಗ್ರಾಹಕನ ಹೆಸರು, ಮನೆ ವಿಳಾಸವನ್ನು ಯಾವ ಕಂಪನಿಯೂ ನಿಮಗೆ ಕೊಡುವುದಿಲ್ಲ, ಕೊಡಲೂಬಾರದು. ಅದು ಪೊಲೀಸರು ಅಥವಾ ನ್ಯಾಯಾಲಯ ಕೇಳಿ ಪಡೆಯಬೇಕಾದದ್ದು. "ಐಪಿ ಕೊಟ್ಟರೆ ಹೆಸರು ಹೇಳುತ್ತೇವೆ, 500 ರೂಪಾಯಿ" ಎನ್ನುವವರು ನಿಮ್ಮ 500 ರೂಪಾಯಿಯನ್ನಷ್ಟೇ ಹುಡುಕುತ್ತಿರುತ್ತಾರೆ. ಹಣ ಕಳೆದುಕೊಂಡಿದ್ದರೆ ಈ ಏಳು ಹಂತಗಳಲ್ಲಿ ಒಂದನ್ನೂ ಮಾಡುತ್ತ ಕೂರದೆ ತಕ್ಷಣ 1930ಕ್ಕೆ ಕರೆ ಮಾಡಿ. ಬೇರೆ ಸೈಬರ್ ದೂರುಗಳನ್ನು ಕೇಂದ್ರ ಸರ್ಕಾರದ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದಾಖಲಿಸಿ. ಇದರಲ್ಲೂ ತಡ ಮಾಡುವಂತಿಲ್ಲ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ಆದೇಶದ ಪ್ರಕಾರ ಕಂಪನಿಗಳು ತಮ್ಮ ಲಾಗ್‌ಗಳನ್ನು ಇಟ್ಟುಕೊಳ್ಳಬೇಕಾದ ಅವಧಿ 180 ದಿನ. ಆಮೇಲೆ ಅವು ಉಳಿದಿರುತ್ತವೆಂಬ ಖಾತ್ರಿ ಇಲ್ಲ.

ಕೊನೆಗೆ, ನಿಮ್ಮದೇ ವಿಳಾಸ ತಪ್ಪು ಊರನ್ನೋ ತಪ್ಪು ದೇಶವನ್ನೋ ತೋರಿಸಿ, ವಿಡಿಯೋ ಆ್ಯಪ್ "ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ" ಎನ್ನುತ್ತಿದ್ದರೆ: ಮ್ಯಾಕ್ಸ್‌ಮೈಂಡ್‌ನಂಥ ಕಂಪನಿಗಳ ಪುಟದಲ್ಲಿ ತಿದ್ದುಪಡಿ ಕೋರುವ ಅರ್ಜಿ ಇರುತ್ತದೆ, ತುಂಬಿ ಕಳಿಸಿ. ಸ್ವಂತ ವಿಳಾಸಗಳ ಗುಂಪು ಇರುವ ಕಾಲೇಜು, ಕೇಬಲ್ ಇಂಟರ್‌ನೆಟ್ ನಡೆಸುವವರು ಯಾವ ವಿಳಾಸ ಯಾವ ಊರಿನದೆಂದು ಜಿಯೋಫೀಡ್ ಎಂಬ ಸರಳ ಕಡತದಲ್ಲಿ ಪ್ರಕಟಿಸಿ, ಅದರ ಕೊಂಡಿಯನ್ನು ಹೂಈಸ್ ದಾಖಲೆಯಲ್ಲಿ ಹಾಕಬಹುದು. ತಿದ್ದುಪಡಿ ಎಲ್ಲ ಕಡೆ ಕಾಣಿಸಲು ಕೆಲವು ವಾರ ಹಿಡಿಯುತ್ತದೆ. ಅಷ್ಟರೊಳಗೆ ರೌಟರನ್ನು ಹತ್ತು ನಿಮಿಷ ಆರಿಸಿ ಮತ್ತೆ ಹಚ್ಚಿ ನೋಡಿ, ಎಷ್ಟೋ ಸಲ ಬೇರೆ ವಿಳಾಸವೇ ಸಿಕ್ಕಿಬಿಡುತ್ತದೆ.